ಊರಿನ ಫರಕೋ, ಊಟದ ಫರಕೋ?

ಪುಣೆಯ ಲ್ಯಾಬಿನಲ್ಲಿ ನಾನು ಎರಡು ಕಡೆಯ ಕಾಯಿಕೊರಕ ಹುಳು ಸಾಕಿದ್ದೇನೆ. ಒಂದು ಬಳಗ ನಾರಾಯಣಗಾಂವ್ ಕಡೆಯ ಟೊಮೆಟೊ ಹೊಲದ್ದು, ಇನ್ನೊಂದು ನಮ್ಮ ಕಲಬುರಗಿಯ ತೊಗರಿಯದು. ಎರಡೂ ಒಂದೇ ಜಾತಿ, ವೈಜ್ಞಾನಿಕ ಹೆಸರು ಹೆಲಿಕೋವರ್ಪಾ ಆರ್ಮಿಜೆರಾ. ಇಲ್ಲಿನ ರೈತರು ಕಡಲೆಯಲ್ಲಿ ಕಂಡರೆ 'ಘಾಟೆ ಅಳಿ' ಅಂತಾರೆ. ಊರು ಬದಲಾದರೆ ಹುಳುವಿನ ಗುಣವೂ ಬದಲಾಗುತ್ತದಾ? ಅದನ್ನೇ ನೋಡಬೇಕಿತ್ತು.

ಕಾಕಾನ ಹೊಲದಲ್ಲಿ ತಾಡಪತ್ರಿ ಹಾಸಿ, ತೊಗರಿ ಗಿಡ ಅಲುಗಾಡಿಸಿ, ಬಿದ್ದ ಹುಳು ಆರಿಸಿಕೊಂಡೆ. ಒಂದೇ ಡಬ್ಬಿಗೆ 20 ಹಾಕಿ ರಾತ್ರಿ ರೈಲು ಹತ್ತಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಉಳಿದಿದ್ದು 7. ಇವು ಒಂದನ್ನೊಂದು ತಿನ್ನುತ್ತವೆ. ಅಂದಿನಿಂದ ಒಂದು ಹುಳುವಿಗೆ ಒಂದು ಸೀಸೆ.

ದೊಡ್ಡ ತಪ್ಪು ಆಮೇಲಿನದು. ಹೊಲದಿಂದ ತಂದವು ಕೋಶವಾದ ಕೂಡಲೇ, ಅಂದರೆ ಹುಳು ಪತಂಗವಾಗುವ ಮುಂಚಿನ ಹಂತಕ್ಕೆ ಬಂದ ಕೂಡಲೇ, ತೂಕ ಮಾಡಿದೆ. ತೊಗರಿಯವೇ ಜಾಸ್ತಿ ತೂಗಿದವು. ಧಾರವಾಡದ ಮೇಡಂ ಒಬ್ಬರು ನಮ್ಮ ಲ್ಯಾಬಿನಲ್ಲಿದ್ದಾರೆ. ಲೆಕ್ಕ ನೋಡಿ, "ಅಲ್ಲವ್ವಾ, ಇದು ಊರಿನ ಫರಕೋ, ಊಟದ ಫರಕೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಣ್ಣು ಗಂಡು ಕೋಶಗಳನ್ನು ಬೇರೆ ಮಾಡಿಯೂ ಇರಲಿಲ್ಲ.

ಎರಡೂ ಬಳಗಕ್ಕೆ ಒಂದೇ ಊಟ ಶುರು ಮಾಡಿದೆ. ಕಡಲೆ ಹಿಟ್ಟು, ಯೀಸ್ಟ್, ಗಟ್ಟಿಯಾಗಲು ಅಗರ್. ವಿಟಮಿನ್ ಸಿ ಕೊನೆಗೆ, ಮಿಶ್ರಣ ಸ್ವಲ್ಪ ಆರಿದ ಮೇಲೆ. ಬಿಸಿಯಲ್ಲೇ ಹಾಕಿದರೆ ಅದು ಹಾಳಾಗುತ್ತದೆ. ಪತಂಗಗಳಿಗೆ ಹತ್ತಿಯಲ್ಲಿ ಜೇನುನೀರು, ಮೊಟ್ಟೆ ಇಡಲು ತೆಳು ಬಟ್ಟೆ. ತಾಯಿ ತಿಂದದ್ದರ ಪ್ರಭಾವ ಮಕ್ಕಳಲ್ಲೂ ಕಾಣಬಹುದು. ಹಾಗಾಗಿ ಎರಡು ತಲೆಮಾರು ಕಾದೆ. ನಮ್ಮ ಕೋಣೆಯ ಬಿಸಿಯಲ್ಲಿ ಒಂದು ತಲೆಮಾರಿಗೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು.

ತೂಕದ ಅಂತರ ಬಹುಮಟ್ಟಿಗೆ ಹೋಯಿತು. ಬಣ್ಣವನ್ನಂತೂ ನಂಬಲೇಬೇಡಿ. ಒಂದೇ ತಾಯಿಯ ಮಕ್ಕಳಲ್ಲಿ ಹಸಿರು, ಕಂದು, ಕೆಂಪು ಛಾಯೆ ಎಲ್ಲವೂ ಬಂದವು. ಔಷಧಿ ತಡೆದುಕೊಳ್ಳುವ ಶಕ್ತಿಯ ಫರಕು ಮಾತ್ರ ಉಳಿಯಿತು. ಪೈರೆಥ್ರಾಯ್ಡ್ ಅನ್ನುವ ಗುಂಪಿನ ಕೀಟನಾಶಕ ಹಚ್ಚಿದಾಗ ಟೊಮೆಟೊ ಬಳಗದಲ್ಲಿ ಜಾಸ್ತಿ ಹುಳು ಬದುಕಿದವು. 1987ರಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಇದೇ ಗುಂಪಿನ ಔಷಧಿ ಹುಳುವಿಗೆ ನಾಟದೆ ರೈತರು ಎಷ್ಟು ನೊಂದರು ಅಂತ ನೆನೆದರೆ ಈ ಫರಕು ಚಿಕ್ಕದು ಅನ್ನಿಸುವುದಿಲ್ಲ.

ಇಲ್ಲೊಂದು ಇಕ್ಕಟ್ಟಿದೆ. ಊಟದ ಪ್ರಭಾವ ಹೋಗಲಿ ಅಂತ ಕಾಯಬೇಕು. ತೀರಾ ಕಾದರೆ, ಔಷಧಿಯ ಕಾಟವಿಲ್ಲದ ಲ್ಯಾಬಿನಲ್ಲಿ ಆ ತಡೆಯುವ ಶಕ್ತಿಯೇ ಕುಗ್ಗಬಹುದು. ನನ್ನ ಮಟ್ಟಿಗೆ ಎರಡನೇ ತಲೆಮಾರೇ ಸರಿ.

ಆದರೂ ಈ ಎರಡು ಬಳಗಗಳನ್ನು 'ಕಲಬುರಗಿ ತಳಿ', 'ಪುಣೆ ತಳಿ' ಅಂತ ಕರೆಯಲು ನಾನು ತಯಾರಿಲ್ಲ. ಈ ಪತಂಗ ರಾತ್ರಿ ಗಾಳಿ ಹಿಡಿದು ಬಹಳ ದೂರ ಹಾರುತ್ತದೆ, ಬಳಗಗಳು ಬೆರೆಯುತ್ತಲೇ ಇರುತ್ತವೆ. ಮೇಲಾಗಿ ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಕಾಕಾನ ಒಂದೇ ಹೊಲದಿಂದ ಆರಿಸಿದವು ಸುಮ್ನೆ ನಾಲ್ಕಾರು ತಾಯಂದಿರ ಮಕ್ಕಳೇ ಇರಬಹುದು, ಅಲ್ವಾ? ಈ ಸಲ ಐದು ಹೊಲ ಸುತ್ತುತ್ತೇನೆ. 200 ಸೀಸೆ ಆಗಲೇ ಚೀಲಕ್ಕೆ ತುಂಬಿಟ್ಟಿದ್ದೇನೆ.