ಫ್ರಂಟ್ ಸೈಟಿನ ಹೊಳಪು ತಡೆಯಲು ಮಾಟುಂಗದ ಕರ್ಪೂರ: ನನ್ನ ಅನುಭವ

ರಿವಾಲ್ವರಿನ ಫ್ರಂಟ್ ಸೈಟ್, ಅಂದರೆ ಬ್ಯಾರೆಲ್ ತುದಿಯಲ್ಲಿ ಗುರಿ ಹಿಡಿಯಲು ಇರುವ ಉಬ್ಬು, ಬೆಳಕಿಗೆ ಹೊಳೆಯದಿರಲು ಕರ್ಪೂರದ ಮಸಿ ಹಿಡಿಸಿ ಅಂದಾಗ "ಮಂಗಳಾರತಿ ಎಷ್ಟು ಗಂಟೆಗೆ?" ಅಂತ ಕೇಳಿದವರೇ ಜಾಸ್ತಿ. ಈಗ ಅವರಲ್ಲೇ ಕೆಲವರ ಶೂಟಿಂಗ್ ಪೆಟ್ಟಿಗೆಯಲ್ಲಿ ಕರ್ಪೂರದ ಡಬ್ಬಿ ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ರಿವಾಲ್ವರ್ .32 ಬೋರಿನದು, ಆರು ಇಂಚು ಬ್ಯಾರೆಲ್, ಬ್ಲೂ ಮಾಡಿದ (ರಾಸಾಯನಿಕದಿಂದ ಕಪ್ಪಾಗಿಸಿದ) ಉಕ್ಕು, 3.2 ಮಿ.ಮೀ. ಅಗಲದ, ಇಳಿಜಾರಾದ ರ‍್ಯಾಂಪ್ ಸೈಟ್. ಗುಂಡು ವಾಡ್‌ಕಟರ್ (ಮೂತಿ ಚಪ್ಪಟೆ), ದೂರ 25 ಮೀಟರ್.

ಮುಂಬಯಿಯ ವರ್ಳಿಯಂಥ ಸಮುದ್ರದ ಪಕ್ಕದ ಶೂಟಿಂಗ್ ರೇಂಜಿನಲ್ಲಿ ಬೆಳಕಿನ ಕಾಟ ಎರಡು ಥರ. ಬಿಸಿಲು ದಿನಗಳಲ್ಲಿ ನಾವು ನಿಂತಿರುವುದು ಮಾಡಿನ ಕೆಳಗೆ, ಚಾಚಿದ ಕೈ ಮಾತ್ರ ನೆರಳಿನ ಅಂಚಿಗೆ ಹೋಗಿರುತ್ತದೆ. ಕಣ್ಣಿನ ಕಡೆಯ ರಿಯರ್ ಸೈಟ್ ನೆರಳಲ್ಲಿ, ಫ್ರಂಟ್ ಸೈಟ್ ಬಿಸಿಲಲ್ಲಿ. ಮಳೆಗಾಲದಲ್ಲಿ ಬಿಸಿಲಿಲ್ಲ, ಆದರೆ ಬಿಳಿ ಆಕಾಶ ಪೂರ್ತಿ ರ‍್ಯಾಂಪಿನ ಇಳಿಜಾರಿನ ಮೇಲೆ ಬಿದ್ದಿರುತ್ತದೆ. ನನ್ನ ಲೆಕ್ಕದಲ್ಲಿ ಎರಡನೆಯದೇ ಕೆಟ್ಟದ್ದು. ಬಿಸಿಲಿನ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಎಚ್ಚರ ಆಗುತ್ತೀರಿ. ಮೋಡದ ಬೆಳಕಿನಲ್ಲಿ ಸೈಟಿನ ತಲೆ ಸದ್ದಿಲ್ಲದೆ ಬೂದು ಬಣ್ಣಕ್ಕೆ ತಿರುಗಿ ಟಾರ್ಗೆಟ್ಟಿನ ಬಿಳಿಯಲ್ಲಿ ಕರಗಿಹೋಗುತ್ತದೆ. ಕಣ್ಣು ಕಪ್ಪಾಗಿ ಉಳಿದ ಭಾಗವನ್ನಷ್ಟೇ ರಿಯರ್ ಸೈಟಿನ ನಾಚ್ ಅನ್ನುವ ಸೀಳಿನ ಮಟ್ಟಕ್ಕೆ ತರುತ್ತದೆ, ನಿಜವಾದ ಸೈಟ್ ಅದಕ್ಕಿಂತ ಮೇಲಿರುತ್ತದೆ, ಗುಂಡು ಮೇಲೆ ಹೋಗುತ್ತದೆ. ಬಲಮಗ್ಗುಲು ಹೊಳೆದರೆ ಅದೇ ಲೆಕ್ಕದಲ್ಲಿ ಬಲಕ್ಕೆ.

ಎಷ್ಟು ಮೇಲೆ? ಎರಡು ಸೈಟುಗಳ ನಡುವೆ ಹೆಚ್ಚುಕಡಿಮೆ 200 ಮಿ.ಮೀ. ಇಟ್ಟುಕೊಳ್ಳಿ. ತಲೆಯ 0.1 ಮಿ.ಮೀ. ಕಾಣದೆ ಹೋದರೆ 25 ಮೀಟರಿನಲ್ಲಿ 12.5 ಮಿ.ಮೀ. ಪ್ರಿಸಿಷನ್ ಟಾರ್ಗೆಟ್ಟಿನಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 50 ಮಿ.ಮೀ. ಅಂದರೆ ಮಧ್ಯದಿಂದ ಅಂಚಿಗೆ ಅರ್ಧ ದಾರಿ ಮುಗಿಯಿತು, ಅದೂ ಕೈ ನಡುಗುವ ಮೊದಲೇ. 0.2 ಹೋದರೆ ಹತ್ತರ ಅಂಚು. ಇದಕ್ಕೆ ರಿಯರ್ ಸೈಟಿನ ಸ್ಕ್ರೂ ತಿರುಗಿಸುತ್ತಾ ಕೂರುವವರಿದ್ದಾರೆ. ಮೋಡ ಸರಿದರೆ ಮತ್ತೆ ತಿರುಗಿಸಬೇಕು. ಆ ಹೊತ್ತಿಗೆ ಸುಟ್ಟ ಗುಂಡಿನ ದುಡ್ಡಿನಲ್ಲಿ ವರ್ಷಪೂರ್ತಿ ಕರ್ಪೂರ ಬರುತ್ತದೆ.

ಮೊದಲು ಕೈಕೊಟ್ಟವುಗಳ ಪಟ್ಟಿ. ಪರ್ಮನೆಂಟ್ ಮಾರ್ಕರ್, ಮೂವತ್ತು ನಲವತ್ತು ರೂಪಾಯಿ. ಮೊದಲ ಕೋಟ್ ಪರವಾಗಿಲ್ಲ, ಎರಡನೆಯದು ಬಿದ್ದ ಕೂಡಲೇ ನೇರಳೆ ಹೊಳಪು ಬರುತ್ತದೆ, ಓರೆ ಬೆಳಕಿನಲ್ಲಿ ಬರಿಯ ಉಕ್ಕಿಗಿಂತ ಕಡೆ. ಕರಿಹಲಗೆಗೆ ಹಚ್ಚುವ ಮ್ಯಾಟ್ ಬಣ್ಣ, ಇನ್ನೂರರ ಆಸುಪಾಸು. ಕಪ್ಪೇನೋ ಚೆನ್ನಾಗಿದೆ, ಆದರೆ ದಪ್ಪ ಕೂರುತ್ತದೆ. ಸೈಟಿನ ಮೂಲೆಗಳು ದುಂಡಗಾಗುತ್ತವೆ, ಚೌಕ ಹೋದ ಮೇಲೆ ಆ ಸೈಟಿನಿಂದ ಏನು ಪ್ರಯೋಜನ? ಬ್ಯಾರೆಲ್ ತೊಳೆಯುವ ಸಾಲ್ವೆಂಟ್ ತಾಗಿದರೆ ಅಂಚಿನಿಂದ ಚಕ್ಕೆ ಎದ್ದು, ಆ ಚಕ್ಕೆಯ ಕೆಳಗಿನ ಚುಕ್ಕೆ ನಕ್ಷತ್ರದ ಹಾಗೆ ಮಿನುಗುತ್ತದೆ. ವಿದೇಶದ ಸೈಟ್ ಬ್ಲ್ಯಾಕ್ ಸ್ಪ್ರೇ ನಿಜಕ್ಕೂ ಒಳ್ಳೆಯದು, ಸುಳ್ಳು ಹೇಳಲಾರೆ. ಆದರೆ ಏರೋಸಾಲ್ ಡಬ್ಬಿ ತರಿಸುವುದೇ ಒಂದು ಸಾಹಸ, ಸಿಕ್ಕರೆ ಎರಡು ಸಾವಿರದ ಹತ್ತಿರ, ಅರ್ಧ ಡಬ್ಬಿ ಇರುವಾಗಲೇ ನಾಝಲ್ ಕಟ್ಟಿಕೊಳ್ಳುತ್ತದೆ.

ಕೋಲ್ಡ್ ಬ್ಲೂ (ಬಿಸಿ ಮಾಡದೆ ಹಚ್ಚಿ ಉಕ್ಕನ್ನು ಕಪ್ಪಾಗಿಸುವ ರಾಸಾಯನಿಕ) ಬಗ್ಗೆ ಒಂದು ಮಾತು, ಏಕೆಂದರೆ ಎಲ್ಲರೂ ಅದನ್ನೇ ಸೂಚಿಸುತ್ತಾರೆ. ಅದು ಬಣ್ಣ ಬದಲಾಯಿಸುತ್ತದೆಯೇ ಹೊರತು ಮೇಲ್ಮೈ ಬದಲಾಯಿಸುವುದಿಲ್ಲ. ನಯವಾಗಿ ಪಾಲಿಶ್ ಆದ ಉಕ್ಕು ಎಷ್ಟೇ ಕಪ್ಪಾಗಲಿ, ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ನಮ್ಮ ಜಗಳ ಬಣ್ಣದ ಜೊತೆ ಅಲ್ಲ, ನುಣುಪಿನ ಜೊತೆ. ಸ್ಟೇನ್‌ಲೆಸ್ ಸೈಟಿನ ಮೇಲಂತೂ ಕೋಲ್ಡ್ ಬ್ಲೂ ಹಿಡಿಯುವುದೇ ಇಲ್ಲ ಅನ್ನಬಹುದು.

ಸೈಟಿನ ಮುಖಕ್ಕೆ ಗೀರು ಹಾಕಿಸುವುದು ಸರಿಯಾದ ಮದ್ದು, ದುಬಾರಿ ಮದ್ದು. ಇಂಚಿಗೆ 40 ಗೀರು ಕೊರೆಯುವ ಅರ (ಚೆಕರಿಂಗ್ ಫೈಲ್), ಗೀರಿನಿಂದ ಗೀರಿಗೆ 0.6 ಮಿ.ಮೀ. ಚಿಲ್ಲರೆ, ಗೀರುಗಳು ಅಡ್ಡಕ್ಕೆ ಇರಬೇಕು. ಇನ್ನೂ ಒಳ್ಳೆಯದು ರ‍್ಯಾಂಪನ್ನೇ ಬಿಟ್ಟು ಇಳಿಜಾರಿಲ್ಲದ, ಚೌಕವಾಗಿ ನಿಲ್ಲುವ ಪ್ಯಾಟ್ರಿಜ್ ಮಾದರಿಯ ಪೋಸ್ಟ್ ಹಾಕಿಸಿ, ನಮ್ಮ ಕಡೆಯ ಮುಖವನ್ನು ಹತ್ತು ಹದಿನೈದು ಡಿಗ್ರಿ ಒಳಕ್ಕೆ ಕೊರೆಸುವುದು. ತಲೆ ನಮ್ಮ ಕಡೆಗೆ ಚಾಚಿ, ತನ್ನ ಮುಖಕ್ಕೆ ತಾನೇ ನೆರಳು ಕೊಡುತ್ತದೆ. ಆದರೆ ಈ ಕೆಲಸ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಆಗಬೇಕು. ಲೇತ್ ಇದೆ ಅಂತ ಗಲ್ಲಿಯ ವರ್ಕ್‌ಶಾಪಿಗೆ ಕೊಟ್ಟರೆ ಆರ್ಮ್ಸ್ ಆ್ಯಕ್ಟಿನಲ್ಲಿ ಇಬ್ಬರೂ ಸಿಕ್ಕಿಬೀಳುತ್ತೀರಿ. ಇನ್ನೊಂದು, ಗೀರಿನ ತುದಿಗಳು ಪೆಟ್ಟಿಗೆಗೆ ಉಜ್ಜಿ ಉಜ್ಜಿ ಬೆಳ್ಳಗಾಗುತ್ತವೆ. ಆಗ ಮಸಿ ಹೇಗೂ ಬೇಕು.

ಹಾಗಾಗಿ ಮಸಿಗೇ ಬರೋಣ. ಕಾರ್ಬೈಡ್ ದೀಪದ ಹೊಗೆ ಹಳೆಯ ಶೂಟರುಗಳ ಚಿನ್ನದ ಮಟ್ಟ, ಒಪ್ಪುತ್ತೇನೆ. ಆದರೆ ಮುಂಬಯಿಯಲ್ಲಿ ಕಾರ್ಬೈಡ್ ಕೇಳಿದರೆ ಅಂಗಡಿಯವನು ಮಾವು ಹಣ್ಣು ಮಾಡುವ ಕಳ್ಳನನ್ನು ನೋಡುವಂತೆ ನೋಡುತ್ತಾನೆ, ಹಣ್ಣಿಗೆ ಅದು ನಿಷೇಧ ಅಲ್ಲವೇ. ತೇವದ ಗಾಳಿಗೆ ಡಬ್ಬಿಯಲ್ಲೇ ಅಸಿಟಿಲೀನ್ ಬಿಡುತ್ತಾ ಕೂರುವ ವಸ್ತುವನ್ನು ಫ್ಲಾಟಿನಲ್ಲಿ ಇಡುವುದೂ ಬೇಡ. ಮೇಣದಬತ್ತಿ ಸುಲಭ, ಆದರೆ ಬತ್ತಿಗೆ ಹತ್ತಿರ ಹಿಡಿದರೆ ಮಸಿಯ ಜೊತೆ ಮೇಣವೂ ಕೂತು ಬೂದು ಹೊಳಪು ಬರುತ್ತದೆ. ಊದುಬತ್ತಿ ಕೊಡುವುದು ಕಂದು ಜಿಡ್ಡು, ಮಸಿಯಲ್ಲ. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಮನೆಯ ಕಾಡಿಗೆಯನ್ನೂ ಮಾಡಿ ನೋಡಿದ್ದಾಯಿತು. ತುಪ್ಪ ಬೆರೆಸಿದ್ದು ಕಣ್ಣಿಗೆ ಚಂದ, ಸೈಟಿಗೆ ಕನ್ನಡಿ. ಒಣ ಕಾಡಿಗೆ ಕಪ್ಪಾಗಿರುತ್ತದೆ, ಆದರೆ ತಟ್ಟೆಯಿಂದ ಕೆರೆದು ಹಚ್ಚಿದಾಗ ಅದರ ನವಿರು ಒಡೆದು ನುಣುಪಾಗುತ್ತದೆ. ಮಸಿ ಹೊಗೆಯಿಂದ ನೇರವಾಗಿ ಉಕ್ಕಿನ ಮೇಲೇ ಕೂರಬೇಕು.

ಕರ್ಪೂರ ಮುಂಬಯಿಯ ಮಾಟುಂಗದ ಪೂಜಾ ಸಾಮಾನಿನ ಅಂಗಡಿಯದ್ದು. ಹೋದ ಸಲ ನೂರು ಗ್ರಾಂಗೆ ನೂರೈವತ್ತೋ ಇನ್ನೂರೋ ಕೊಟ್ಟ ನೆನಪು. ಒಂದು ಬಿಲ್ಲೆ ಸ್ಟೀಲ್ ಚಮಚದಲ್ಲಿ ಸುಟ್ಟು ನೋಡಿ. ಪೂರ್ತಿ ಉರಿದುಹೋಗಿ ಚಮಚದಲ್ಲಿ ಏನೂ ಉಳಿಯಬಾರದು. ಜಿಡ್ಡೋ ಬಿಳಿ ಪುಡಿಯೋ ಉಳಿದರೆ ಬೆರಕೆ, ದೇವರಿಗೇ ಇರಲಿ.

ಸಿಲಿಂಡರ್ ತೆರೆದು ಖಾಲಿ ಇದೆಯೇ ಅಂತ ಎರಡು ಸಲ ನೋಡಿ, ಗುಂಡು ಬೇರೆ ಕೋಣೆಯಲ್ಲಿರಲಿ, ಸಾಲ್ವೆಂಟ್ ಬಾಟಲಿ ಕೂಡ. ಫೈರಿಂಗ್ ಲೈನಿನಲ್ಲಿ ಬೆಂಕಿ ಹಚ್ಚುವ ಮಾತೇ ಇಲ್ಲ. ಸೈಟಿನಲ್ಲಿ ಕೆಂಪು ಪ್ಲಾಸ್ಟಿಕ್ ತುಂಡು ಕೂರಿಸಿದ್ದರೆ ಈ ವಿಧಾನ ಬಿಡಿ, ಕರಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಸೈಟನ್ನು ಒರೆಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಒರೆಸಿ. ಈ ಎರಡನೆಯ ಒರೆಸುವಿಕೆಯನ್ನು ಹೆಚ್ಚಿನವರು ಬಿಡುತ್ತಾರೆ, ಅಲ್ಲೇ ಕೆಡುವುದು. ಪಿನ್ನಿನ ತೂತು ಮತ್ತು ಸಂದಿಗಳಲ್ಲಿ ಅಡಗಿದ ಎಣ್ಣೆ ನಿಧಾನಕ್ಕೆ ಮೇಲೆ ಬರುತ್ತದೆ. ಎಣ್ಣೆಯ ಮೇಲೆ ಕೂತ ಮಸಿ ಅರ್ಧ ಗಂಟೆಯಲ್ಲಿ ಹೊಳೆಯಲು ಶುರು.

ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಸೈಟಿನ ಅಳತೆಯ ಸೀಳು ಮಾಡಿ ಬ್ಯಾರೆಲ್ಲಿಗೆ ಸುತ್ತಿ. ಬ್ಯಾರೆಲ್ಲಿನ ಬಾಯಿಗೆ ಹೊರಗಿನಿಂದ ಮಾಸ್ಕಿಂಗ್ ಟೇಪ್. ಒಳಗೆ ಹತ್ತಿ ತುರುಕಬೇಡಿ, ಮರೆತರೆ ಬ್ಯಾರೆಲ್ ಹೋಗುತ್ತದೆ, ಅದರ ಜೊತೆ ಬೆರಳೂ. ಉಕ್ಕು ಎಸಿ ಕೋಣೆಯಿಂದ ಬಂದದ್ದಾದರೆ ಅರ್ಧ ಗಂಟೆ ಹೊರಗಿಡಿ, ಕೈಗೆ ಬೆಚ್ಚಗೆ ಅನ್ನಿಸಬೇಕು. ಕರ್ಪೂರ ಉರಿದಾಗ ನೀರಾವಿಯೂ ಬರುತ್ತದೆ, ತಣ್ಣನೆ ಉಕ್ಕಿನ ಮೇಲೆ ಅದು ಬೆವರಾಗಿ ಕೂತು ಮಸಿಗೆ ಮಚ್ಚೆ ಬೀಳುತ್ತದೆ. ಪುಣೆಯ ಬಾಲೇವಾಡಿಯಲ್ಲಿ ಶೂಟ್ ಮಾಡುವವರಿಗೆ ಇದು ಅಷ್ಟು ಕಾಡಲಿಕ್ಕಿಲ್ಲ, ಸಮುದ್ರದ ಹತ್ತಿರ ಇರುವವರು ತಪ್ಪಿಸಿಕೊಳ್ಳಲಾಗದು.

ಗಾಳಿ ಇಲ್ಲದ ಬಾಲ್ಕನಿ, ಫ್ಯಾನ್ ಬಂದ್. ಅರ್ಧ ಬಿಲ್ಲೆ ಸಾಕು. ರಿವಾಲ್ವರನ್ನು ತಲೆಕೆಳಗೆ ಹಿಡಿದು, ಜ್ವಾಲೆಯ ತುದಿ ಮುಗಿದು ಕಪ್ಪು ಹೊಗೆ ಶುರುವಾಗುವ ಜಾಗದಿಂದ ಒಂದೆರಡು ಸೆಂ.ಮೀ. ಮೇಲೆ ಸೈಟನ್ನು ದಾಟಿಸಿ. ಎರಡು ಮೂರು ಸೆಕೆಂಡ್, ತೆಗೆಯಿರಿ, ಆರಲಿ, ಮತ್ತೆ. ನಾಲ್ಕೈದು ಸುತ್ತಿಗೆ ಮಖಮಲ್ಲಿನಂಥ ಕಪ್ಪು ಬರುತ್ತದೆ. ಇನ್ನೂ ಬೇಕು ಅಂತ ಹಿಡಿದೇ ಇದ್ದರೆ ಮಸಿ ಗುಂಜಾಗಿ ಅಂಚಿನಿಂದ ಜೋತಾಡುತ್ತದೆ, ಮೊದಲ ಗುಂಡಿಗೇ ಉದುರುತ್ತದೆ. ರಿಯರ್ ಸೈಟಿನ ನಮ್ಮ ಕಡೆಯ ಮುಖಕ್ಕೂ ಒಂದು ಸುತ್ತು ಕೊಡಿ. ನಾಚಿನ ಒಳಗೋಡೆ ಹೊಳೆಯುತ್ತಿದ್ದರೆ ಫ್ರಂಟ್ ಸೈಟಿನ ಎರಡೂ ಬದಿಯ ಬೆಳಕಿನ ಗೆರೆ ಸಮ ಕಾಣುವುದೇ ಇಲ್ಲ.

ಸಾಮಾನ್ಯ ಮಸಿ ಒಂದು ಬೆರಳು ತಾಗಿದರೆ ಹೋಯಿತು. ನನ್ನದು 60 ಗುಂಡಿನ ಪಂದ್ಯ ಪೂರ್ತಿ ತಡೆಯುತ್ತದೆ. ಒರೆಸಿದ ನಂತರ, ಹೊಗೆಗೆ ಹಿಡಿಯುವ ಮೊದಲು ಮಧ್ಯೆ ಒಂದು ಕೆಲಸ ಇದೆ, ಅದನ್ನು ಸದ್ಯಕ್ಕೆ ಬರೆಯುವುದಿಲ್ಲ. ಅಡುಗೆಮನೆಯಲ್ಲೇ ಸಿಗುವ ವಸ್ತು ಅಂತಷ್ಟೇ ಹೇಳಬಲ್ಲೆ. ಅದಿಲ್ಲದೆಯೂ, ಪೆಟ್ಟಿಗೆಯಲ್ಲಿ ಸೈಟ್ ಎಲ್ಲಿಗೂ ತಾಗದಂತೆ ಫೋಮ್ ಕತ್ತರಿಸಿದರೆ ಒಂದು ಅಭ್ಯಾಸಕ್ಕೆ ಸಾಕು.

ನಂಬದವರು ಮೊಬೈಲಿನಲ್ಲಿ ನೋಡಬಹುದು. ಖಾಲಿ ರಿವಾಲ್ವರನ್ನು ಮರಳಿನ ಚೀಲದ ಮೇಲಿಟ್ಟು, ಕಣ್ಣಿನ ದೂರದಲ್ಲಿ ಫೋನ್ ನಿಲ್ಲಿಸಿ, ಎಕ್ಸ್‌ಪೋಷರ್ ಲಾಕ್ ಮಾಡಿ, ಹಿಂದೆ ಬಿಳಿ ಹಾಳೆ. ಟಾರ್ಚನ್ನು ಮೇಲಿನಿಂದ, ಬದಿಯಿಂದ ತಿರುಗಿಸುತ್ತಾ ಫೋಟೊ. ಮಾರ್ಕರ್ ಹಚ್ಚಿದ್ದು ಟಾರ್ಚ್ ನೆತ್ತಿಗೆ ಬರುವ ಮೊದಲೇ ತಲೆ ಕಳೆದುಕೊಂಡಿತು. ಕರ್ಪೂರದ್ದು ಎಲ್ಲ ಕೋನದಲ್ಲೂ ಚೌಕವಾಗಿಯೇ ನಿಂತಿತು. ಲಾಕ್ ಮಾಡದಿದ್ದರೆ ಕ್ಯಾಮೆರಾ ತಾನೇ ಬೆಳಕು ಸರಿಮಾಡಿ ಎರಡನ್ನೂ ಒಂದೇ ಥರ ತೋರಿಸುತ್ತದೆ.

ಮನೆಗೆ ಬಂದ ರಾತ್ರಿಯೇ ಮಸಿ ತೆಗೆಯಬೇಕು, ಮರುದಿನ ಅಲ್ಲ. ಎಣ್ಣೆ ಒರೆಸಿದ ಉಕ್ಕು ಮಸಿಯ ಕೆಳಗೆ ಬೆತ್ತಲೆ, ಉಪ್ಪುಗಾಳಿ ಅಷ್ಟರಲ್ಲಿ ತುಕ್ಕಿನ ಚುಕ್ಕೆ ಇಟ್ಟುಬಿಡುತ್ತದೆ. ಆಲ್ಕೊಹಾಲಿನಲ್ಲಿ ಒರೆಸಿ, ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಮೂಲೆ ತಿಕ್ಕಿ, ಎಣ್ಣೆ. ದೆಹಲಿಯ ಕರ್ಣಿ ಸಿಂಗ್ ರೇಂಜಿಗೋ ಮತ್ತೆಲ್ಲಿಗೋ ವಿಮಾನದಲ್ಲಿ ಹೋಗುವಾಗ ಕರ್ಪೂರವನ್ನು ಪೆಟ್ಟಿಗೆಯಲ್ಲಿ ಬಿಡಬೇಡಿ, ಅದು ಹೊತ್ತಿಕೊಳ್ಳುವ ಘನವಸ್ತುಗಳ ಪಟ್ಟಿಯಲ್ಲಿದೆ. ಇಳಿದ ಮೇಲೆ ಯಾವ ಗುಡಿಯ ಎದುರಿನ ಅಂಗಡಿಯಲ್ಲಾದರೂ ಸಿಗುತ್ತದೆ. ಚಮಚದಲ್ಲಿ ಸುಟ್ಟು ನೋಡುವುದನ್ನು ಮಾತ್ರ ಅಲ್ಲೂ ಬಿಡಬೇಡಿ.