ಆಪರೇಷನ್ ಥಿಯೇಟರಿನ ಉಪಕರಣಕ್ಕೆ ರಿಕಾಲ್ ಬಂದರೆ ಏನು ಮಾಡಬೇಕು?

ಉಪಕರಣದಲ್ಲಿ ದೋಷ ಕಂಡಾಗ ಅದನ್ನು ಸರಿಪಡಿಸಲು ಅಥವಾ ಹಿಂಪಡೆಯಲು ಕಂಪನಿ ಕೈಗೊಳ್ಳುವ ಕ್ರಮವೇ ರಿಕಾಲ್. ರಿಕಾಲ್ ಅಂದ ಕೂಡಲೇ ಯಂತ್ರವನ್ನು ಲಾರಿಗೆ ಹೇರಿ ಕಂಪನಿಗೆ ವಾಪಸ್ ಕಳಿಸಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಎಲ್ಲ ಸಲವೂ ಹಾಗಲ್ಲ. ಅರಿವಳಿಕೆ ಯಂತ್ರದ ಸಾಫ್ಟ್‌ವೇರ್ ಬದಲಿಸುವುದು, ಆಪರೇಷನ್ ಟೇಬಲ್ಲಿನ ಒಂದು ಭಾಗ ಹೊಸದಾಗಿ ಹಾಕುವುದು, ಬಳಸುವ ವಿಧಾನಕ್ಕೆ ಒಂದು ಎಚ್ಚರಿಕೆ ಸೇರಿಸುವುದು ಕೂಡ ರಿಕಾಲ್ ಲೆಕ್ಕಕ್ಕೇ ಬರುತ್ತವೆ. ಯಂತ್ರ ಇದ್ದಲ್ಲೇ ಇರಬಹುದು. ನಿಜವಾದ ಕೆಲಸವೆಂದರೆ ಆ ಉಪಕರಣ ಆಸ್ಪತ್ರೆಯಲ್ಲಿ ಎಲ್ಲೆಲ್ಲಿದೆ ಎಂದು ಹುಡುಕುವುದು.

ಮೊದಲು, ನೋಟಿಸ್ ಯಾರ ಕೈಗೆ ಬರುತ್ತದೆ?

ಕಂಪನಿಯ ಪತ್ರ ಖರೀದಿ ವಿಭಾಗಕ್ಕೆ ಹೋಗುತ್ತದೆ, ಇಲ್ಲವೇ ಕೆಲಸ ಬಿಟ್ಟು ಹೋದವರ ಇಮೇಲಿಗೆ. ಆಪರೇಷನ್ ಥಿಯೇಟರಿನಲ್ಲಿ (ಓಟಿ) ಅದರ ಸುದ್ದಿಯೇ ಇರುವುದಿಲ್ಲ. ಆದ್ದರಿಂದ ರಿಕಾಲ್‌ಗೆಂದೇ ಒಂದು ಇಮೇಲ್ ವಿಳಾಸ ಇರಲಿ. ಅದನ್ನು ದಿನವೂ ನೋಡಲು ಒಬ್ಬರು, ಅವರು ರಜೆ ಹಾಕಿದರೆ ಇನ್ನೊಬ್ಬರು ಇರಲಿ. ಸಾಮಾನ್ಯವಾಗಿ ಆಸ್ಪತ್ರೆಯ ಉಪಕರಣಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರ್‌ಗೆ ಈ ಕೆಲಸ ಹೊಂದುತ್ತದೆ.

ನೋಟಿಸ್ ಓದುವುದು

ಮಾಡೆಲ್, ಸೀರಿಯಲ್ ಅಥವಾ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಒಂದು ಕಂತಿನ ಗುರುತು), ಸಾಫ್ಟ್‌ವೇರ್ ಆವೃತ್ತಿ, ಏನು ತೊಂದರೆ, ಸರಿಯಾಗುವವರೆಗೆ ಏನು ಮಾಡಬೇಕು. ಇಷ್ಟನ್ನು ಮೊದಲು ಹೆಕ್ಕಿ ಬರೆದುಕೊಳ್ಳಿ. ಯುರೋಪಿನಲ್ಲಿ ಇಂಥ ಪತ್ರಕ್ಕೆ ಫೀಲ್ಡ್ ಸೇಫ್ಟಿ ನೋಟಿಸ್ ಎನ್ನುತ್ತಾರೆ. ಔಷಧ ಮತ್ತು ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ರಿಕಾಲ್‌ಗಳನ್ನು ಮೂರು ದರ್ಜೆಯಲ್ಲಿ ಇಡುತ್ತದೆ. ಇಲ್ಲಿ ಎಡವುವವರು ಜಾಸ್ತಿ. ಉಪಕರಣಗಳಿಗೂ ಬೇರೆಯೇ ದರ್ಜೆಗಳಿವೆ. ಉಪಕರಣಗಳ ದರ್ಜೆಯಲ್ಲಿ ಅತಿ ಅಪಾಯದ್ದು 3, ರಿಕಾಲ್‌ಗಳ ದರ್ಜೆಯಲ್ಲಿ ಅತಿ ಗಂಭೀರವಾದದ್ದು 1. ಜೀವಕ್ಕೇ ಕುತ್ತು ಬರುವ ಸಾಧ್ಯತೆ ಇದ್ದರೆ ಅದು 1ನೇ ದರ್ಜೆ. ಕಂಪನಿಯ ಪತ್ರ ಬಂದು ಎಷ್ಟೋ ದಿನದ ಮೇಲೆ ದರ್ಜೆ ಪ್ರಕಟವಾಗುವುದುಂಟು. ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಹುಡುಕಾಟ

ದೊಡ್ಡ ಯಂತ್ರ ಸಿಗುವುದು ಸುಲಭ. ಆದರೂ ಕಂಪ್ಯೂಟರಿನ ಪಟ್ಟಿಯನ್ನೇ ನಂಬಬೇಡಿ, ಹೋಗಿ ಯಂತ್ರದ ಮೇಲಿನ ನಂಬರ್ ನೋಡಿ. ರಿಪೇರಿಗೆ ಹೋದದ್ದು, ಡೆಮೊಗೆಂದು ಬಂದು ಉಳಿದದ್ದು, ಬೇರೆ ವಿಭಾಗದವರು ಎರವಲು ಒಯ್ದದ್ದು ಪಟ್ಟಿಯಲ್ಲಿ ಇರುವುದೇ ಇಲ್ಲ.

ತಲೆನೋವು ಸಣ್ಣ ಸಾಮಾನುಗಳದ್ದು. ಉದಾಹರಣೆಗೆ ಹೊಲಿಗೆಯ ಬದಲು ಪಿನ್ (ಸ್ಟೇಪಲ್) ಹಾಕುವ ಸರ್ಜಿಕಲ್ ಸ್ಟೇಪ್ಲರ್. ದೇಹದ ಒಳಗೆ ಬಳಸುವ ಸ್ಟೇಪ್ಲರ್ ಮತ್ತು ಸ್ಟೇಪಲ್‌ಗಳ ಬಗ್ಗೆ 2011ರಿಂದ 2018ರ ಮಾರ್ಚ್‌ವರೆಗೆ ಎಫ್‌ಡಿಎಗೆ 41,000ಕ್ಕೂ ಹೆಚ್ಚು ವರದಿ ಬಂದವು. ಅದರಲ್ಲಿ 366 ಸಾವಿನ ವರದಿಗಳು. ಪ್ರತಿ ಸಾವಿಗೂ ಸ್ಟೇಪ್ಲರೇ ಕಾರಣ ಅಂತ ಇದರಿಂದ ಹೇಳಲಾಗದು, ಆದರೂ ಕಡೆಗಣಿಸುವ ಸಂಖ್ಯೆಯಲ್ಲ. 2021ರಲ್ಲಿ ಎಫ್‌ಡಿಎ ಈ ಸ್ಟೇಪ್ಲರ್‌ಗಳನ್ನು ಹೆಚ್ಚು ಬಿಗಿ ನಿಯಮದ ದರ್ಜೆಗೆ ಏರಿಸಿತು. ಇಂಥ ವಸ್ತು ಮುಖ್ಯ ಸ್ಟೋರ್‌ನಲ್ಲಿ ಇರುತ್ತದೆ, ಓಟಿಯ ಕಪಾಟಿನಲ್ಲಿ ಇರುತ್ತದೆ, ನಾಳೆಯ ಕೇಸಿಗೆಂದು ಜೋಡಿಸಿಟ್ಟ ಟ್ರಾಲಿಯಲ್ಲೂ ಇರುತ್ತದೆ. ಇನ್ನೂ ಒಂದು ಜಾಗವಿದೆ: ಸಿದ್ಧ ಕಿಟ್‌ಗಳ ಒಳಗೆ. ಕಿಟ್‌ನ ಹೊರಗೆ ಒಂದು ಕಂಪನಿಯ ಹೆಸರು, ಒಳಗಿನ ವಸ್ತು ಇನ್ನೊಂದು ಕಂಪನಿಯದು. ಹೊರಗಿನ ಲೇಬಲ್ ಓದಿದರೆ ಸಾಲದು.

ಸಿಕ್ಕಿದ್ದನ್ನು ತಕ್ಷಣ ಬೇರೆ ಮಾಡಿ, 'ಬಳಸಬೇಡಿ' ಎಂಬ ಚೀಟಿ ಅಂಟಿಸಿ, ಬೀಗ ಹಾಕಿ. ಬರೀ ಚೀಟಿ ನಂಬಿ ಕಪಾಟಿನಲ್ಲೇ ಬಿಟ್ಟರೆ ರಾತ್ರಿ ತುರ್ತು ಕೇಸಿನಲ್ಲಿ ಯಾರದೋ ಕೈಗೆ ಅದೇ ಸಿಗುತ್ತದೆ. ಸ್ಟಾಕ್ ಲೆಕ್ಕದಲ್ಲೂ ಆ ಲಾಟ್ ತಡೆಯಿರಿ.

ಬದಲಿ ಇಲ್ಲದಿದ್ದರೆ?

ಇರುವುದು ಅದೊಂದೇ ಯಂತ್ರವಾದರೆ ಆಪರೇಷನ್ ಮುಂದೂಡುವುದರಲ್ಲೂ ಅಪಾಯವಿದೆ. ಇದನ್ನು ಎಂಜಿನಿಯರ್ ಒಬ್ಬರೇ ತೀರ್ಮಾನಿಸಬಾರದು. ಸರ್ಜನ್, ಅರಿವಳಿಕೆ ವೈದ್ಯರು, ಓಟಿ ಸಿಸ್ಟರ್ ಜೊತೆ ಕೂರಬೇಕು. ಅರಿವಳಿಕೆ ಯಂತ್ರದ ಬ್ಯಾಟರಿಯಲ್ಲಿ ದೋಷವಿದೆ, ನೋಟಿಸ್ ಬಳಕೆಯನ್ನು ಪೂರ್ತಿ ನಿಲ್ಲಿಸಲು ಹೇಳಿಲ್ಲ ಅನ್ನಿ. ಆಗ ಖಾತ್ರಿಯಾದ ಕರೆಂಟ್, ಕೈಗೆಟಕುವಂತೆ ಆಂಬು ಬ್ಯಾಗ್ (ಕೈಯಿಂದ ಒತ್ತಿ ರೋಗಿಗೆ ಉಸಿರು ಕೊಡುವ ಚೀಲ) ಮತ್ತು ಬೇರೆ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು ನಡೆಸುವ ದಾರಿ ಇರಬಹುದು. ಏನೇ ತೀರ್ಮಾನವಾಗಲಿ, ಬರೆದು ಯಂತ್ರಕ್ಕೇ ಅಂಟಿಸಿ. ಬಾಯಿಮಾತು ಶಿಫ್ಟ್ ಬದಲಾದಾಗ ಕಳೆದುಹೋಗುತ್ತದೆ.

ಈಗಾಗಲೇ ಬಳಸಿಬಿಟ್ಟಿದ್ದರೆ

ಯಾವ ರೋಗಿಗೆ ಯಾವ ಲಾಟ್ ಬಳಸಿದ್ದೀರಿ ಎಂದು ಈಗ ಗೊತ್ತಾಗಬೇಕು. ಲಾಟ್ ನಂಬರ್ ಇರುವುದು ಕವರಿನ ಮೇಲೆ, ಕವರ್ ಹೋಗುವುದು ಕಸಕ್ಕೆ. ಸ್ಟಿಕ್ಕರನ್ನು ರೋಗಿಯ ಫೈಲಿಗೆ ಅಂಟಿಸುವ ಅಥವಾ ಬಾರ್‌ಕೋಡ್ ಸ್ಕ್ಯಾನ್ ಮಾಡುವ ರೂಢಿ ಮೊದಲೇ ಇದ್ದರೆ ಮಾತ್ರ ಉತ್ತರ ಸಿಗುತ್ತದೆ. ಯಂತ್ರ ತೆಗೆದಿಟ್ಟ ಮಾತ್ರಕ್ಕೆ ವಿಷಯ ಮುಗಿಯದು ಎನ್ನಲು ಹೃದಯದ ಆಪರೇಷನ್‌ನಲ್ಲಿ ರೋಗಿಯ ಮೈಬಿಸಿಯನ್ನು ಹತೋಟಿಯಲ್ಲಿಡಲು ಬಳಸುವ ಹೀಟರ್-ಕೂಲರ್ ಯಂತ್ರಗಳೇ ಸಾಕ್ಷಿ. ಅವುಗಳ ನೀರಿನ ಟ್ಯಾಂಕಿನಲ್ಲಿ ಬೆಳೆದ ಮೈಕೋಬ್ಯಾಕ್ಟೀರಿಯಂ ಕೈಮೀರಾ ಎಂಬ ಬ್ಯಾಕ್ಟೀರಿಯಾ ಗಾಳಿಯ ಮೂಲಕ ರೋಗಿಯ ದೇಹ ಸೇರಿತು. ಸೋಂಕು ಕಾಣಿಸಿಕೊಳ್ಳಲು ತಿಂಗಳುಗಳು, ಕೆಲವರಲ್ಲಿ ವರ್ಷಗಳೇ ಹಿಡಿದವು. 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಮೊದಲೇ ಆಪರೇಷನ್ ಆದವರಿಗೂ ವಿಷಯ ತಿಳಿಸಿ ಎಂದು ಆಸ್ಪತ್ರೆಗಳಿಗೆ ಹೇಳಬೇಕಾಯಿತು. ರೋಗಿಗೆ ತಿಳಿಸುವಾಗ ಸುಮ್ನೆ ಹೆದರಿಸಬೇಡಿ: ಏನಾಗಿದೆ, ಯಾವ ಲಕ್ಷಣ ಗಮನಿಸಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಸರಳವಾಗಿ ಹೇಳಿ.

ಉತ್ತರ ಮತ್ತು ಮರಳಿ ಬಳಕೆ

ಕಂಪನಿಯ ಉತ್ತರ ಪತ್ರ ತುಂಬಿ ಕಳಿಸಿ. ಆ ಲಾಟ್ ನಿಮ್ಮಲ್ಲಿ ಒಂದೂ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಿರಿ. ಸುಮ್ಮನಿದ್ದರೆ ಪತ್ರ ತಲುಪಿತೋ ಇಲ್ಲವೋ ಕಂಪನಿಗೆ ತಿಳಿಯದು. ಸರಿಪಡಿಸಿದ ಮೇಲೆ ಪ್ರತಿ ಸೀರಿಯಲ್ ನಂಬರಿನ ಸರ್ವಿಸ್ ವರದಿ ಇಟ್ಟುಕೊಳ್ಳಿ, ಪರೀಕ್ಷೆ ಮಾಡಿಯೇ ಓಟಿಗೆ ಬಿಡಿ. ಆಮೇಲೆಯೂ ಆ ನಂಬರುಗಳ ಪಟ್ಟಿ ಸ್ಟೋರ್‌ನಲ್ಲಿ ಇರಲಿ. ರಿಪೇರಿಗೆ ಹೋಗಿ ತಿಂಗಳುಗಟ್ಟಲೆ ಆದ ಮೇಲೆ ಬರುವ ಯಂತ್ರವನ್ನು ಬಾಗಿಲಲ್ಲೇ ತಾಳೆ ನೋಡಬಹುದು.