ಡ್ರೈವ್ ಲಿಂಕಿನಲ್ಲಿ ನಿಮ್ಮ ಖಾಸಗಿ ಫೋಟೊ ಹರಿದಾಡುತ್ತಿದೆಯೇ? ದೂರು ಕೊಡುವುದು ಹೀಗೆ

ಕಳೆದ ಮಳೆಗಾಲದಲ್ಲಿ ಪರಿಚಯದವರ ಮಗಳೊಬ್ಬಳು ಅಮ್ಮನ ಜೊತೆ ನಮ್ಮ ಮನೆಗೆ ಬಂದಳು. ಅವಳ ಖಾಸಗಿ ಫೋಟೊಗಳನ್ನು ಯಾರೋ ಗೂಗಲ್ ಡ್ರೈವ್‌ಗೆ ಹಾಕಿ, ಲಿಂಕನ್ನು ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿಟ್ಟಿದ್ದರು. ಗಾಬರಿಯಲ್ಲಿ ಅಮ್ಮ ಇಡೀ ಚಾಟನ್ನೇ ಅಳಿಸಿಬಿಟ್ಟಿದ್ದರು. ಉಳಿದಿದ್ದು ಒಂದೇ ಸ್ಕ್ರೀನ್‌ಶಾಟ್, ಅದರಲ್ಲೂ ಲಿಂಕಿನ ಅರ್ಧ ಕಾಣುತ್ತಿರಲಿಲ್ಲ. ಗೆಳತಿಯ ಫೋನಿನಲ್ಲಿ ಪೂರ್ತಿ ಲಿಂಕ್ ಸಿಗುವಷ್ಟರಲ್ಲಿ ಎರಡು ದಿನ ಕಳೆದಿತ್ತು.

ಆದ್ದರಿಂದ ಮೊದಲ ಕೆಲಸ, ಲಿಂಕ್ ಉಳಿಸಿಕೊಳ್ಳುವುದು. ಮೆಸೇಜನ್ನು ಒತ್ತಿ ಹಿಡಿದು ಕಾಪಿ ಮಾಡಿ, ನೋಟ್ಸ್‌ನಲ್ಲಿ ಪೇಸ್ಟ್ ಮಾಡಿ. ವಿಳಾಸದ ನಡುವೆ ಬರುವ ಅಕ್ಷರ, ಅಂಕಿಗಳ ಉದ್ದನೆಯ ಸಾಲೇ ಆ ಫೈಲಿನ ಗುರುತು. ಅದನ್ನು ಕೈಯಲ್ಲಿ ಬರೆದುಕೊಳ್ಳಲು ಹೋಗಬೇಡಿ. ಇಂಗ್ಲಿಷಿನ ಸಣ್ಣ ಎಲ್ ಮತ್ತು ದೊಡ್ಡ ಐ ನೋಡಲು ಒಂದೇ ಥರ ಇರುತ್ತವೆ, ಒಂದು ತಪ್ಪಿದರೂ ಫೈಲು ಸಿಗದು. ಕಳಿಸಿದವರ ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ‘ಯಾರೂ ಓಪನ್ ಮಾಡಬೇಡಿ’ ಎಂದು ಬರೆದು ಅದೇ ಲಿಂಕನ್ನು ಹತ್ತು ಗ್ರೂಪಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಲಿಂಕಿನಲ್ಲಿರುವುದು ಮಕ್ಕಳ ಲೈಂಗಿಕ ಚಿತ್ರವಾಗಿದ್ದರೆ ಸಾಕ್ಷಿಗೆಂದು ಕೂಡ ಡೌನ್‌ಲೋಡ್ ಮಾಡಬಾರದು. ಐಟಿ ಕಾಯ್ದೆಯ 67ಬಿ ಪ್ರಕಾರ ಅದೇ ಅಪರಾಧ. ಇಂಥದ್ದನ್ನು ಅಳಿಸದೆ, ದೂರನ್ನೂ ಕೊಡದೆ ಇಟ್ಟುಕೊಳ್ಳುವುದು ಪೋಕ್ಸೊ ಅಡಿಯಲ್ಲಿ ಶಿಕ್ಷಾರ್ಹವೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಪೊಲೀಸರಿಗೆ ಲಿಂಕ್ ಕೊಟ್ಟರೆ ಸಾಕು.

ಮುಂದಿನದು ಕಂಪನಿಗೆ ದೂರು. ಫೈಲಿನ ಮೇಲ್ಗಡೆಯ ಮೂರು ಚುಕ್ಕೆ ಒತ್ತಿದರೆ ‘ರಿಪೋರ್ಟ್ ಅಬ್ಯೂಸ್’ ಸಿಗುತ್ತದೆ. ಅಷ್ಟಕ್ಕೇ ನಿಲ್ಲಿಸದೆ, ಕಂಪನಿಯ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. ‘ಇದು ನನ್ನ ಖಾಸಗಿ ಚಿತ್ರ, ನನ್ನ ಒಪ್ಪಿಗೆಯಿಲ್ಲದೆ ಹಾಕಲಾಗಿದೆ’ ಎಂಬ ಒಂದು ಸಾಲು ಅದರಲ್ಲಿರಲೇಬೇಕು. 2021ರ ಐಟಿ ನಿಯಮಗಳು ಬಂದಾಗಲೇ ಇಂಥ ಚಿತ್ರ ತೆಗೆಯಲು 24 ಗಂಟೆಯ ಗಡುವು ಹಾಕಿದ್ದವು. ನಿಮ್ಮ ಪರವಾಗಿ ಅಕ್ಕ, ಅಣ್ಣ, ಗೆಳತಿ ಯಾರು ಬೇಕಾದರೂ ಈ ದೂರು ಕೊಡಬಹುದು. ಅಳುತ್ತ ಕೂತವಳ ಕೈಗೆ ಫಾರ್ಮ್ ಕೊಡುವ ಬದಲು ಇನ್ನೊಬ್ಬರು ಕೂತು ತುಂಬುವುದು ಎಷ್ಟೋ ಮೇಲು. ಕಂಪನಿಯ ಉತ್ತರ ಸಮಾಧಾನ ತರದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನಿನಲ್ಲೇ ಮೇಲ್ಮನವಿ ಹಾಕಬಹುದು.

ಅದೇ ದಿನ ಪೊಲೀಸರಿಗೂ ದೂರು ಹೋಗಬೇಕು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ವಿಭಾಗವೇ ಇದೆ, ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಆದರೆ ತನಿಖೆ ಮುಂದುವರಿಯಬೇಕೆಂದಿದ್ದರೆ ಹೆಸರು ಕೊಡುವುದೇ ಒಳ್ಳೆಯದು ಎಂಬುದು ನನ್ನ ಅನಿಸಿಕೆ. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ಸೆನ್ ಠಾಣೆಗಳಿವೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗಳು. ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಯಾವುದೇ ಠಾಣೆಯವರು ವಾಪಸ್ ಕಳಿಸುವಂತಿಲ್ಲ. ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಝೀರೋ ಎಫ್‌ಐಆರ್, ಈಗ ಸಿಆರ್‌ಪಿಸಿಯ ಜಾಗದಲ್ಲಿ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಮಿನಲ್ಲೇ ಇದೆ. ಐಟಿ ಕಾಯ್ದೆಯ ತನಿಖೆ ಮಾಡಬೇಕಾದವರು ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನವರು, ಹಾಗಾಗಿ ಅವರನ್ನೇ ಕಂಡು ಮಾತಾಡಿ.

ಫೈಲು ಹೋಯಿತಲ್ಲ, ಇನ್ನು ಪೊಲೀಸ್ ಯಾಕೆ ಎಂದು ಬಹಳ ಮಂದಿ ಇಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಹಾಕಿದವರು ಯಾರೆಂದು ಕಂಪನಿ ನಿಮಗೆ ಹೇಳುವುದಿಲ್ಲ. ಪೊಲೀಸರು ಬಿಎನ್‌ಎಸ್‌ಎಸ್ 94ನೇ ಕಲಮಿನಡಿ, ಅಂದರೆ ಹಳೆಯ ಸಿಆರ್‌ಪಿಸಿ 91ರ ಜಾಗದಲ್ಲಿ ಬಂದಿರುವ ಕಲಮಿನಡಿ, ಬರೆದು ಕೇಳಬೇಕು. ತನಿಖಾ ಸಂಸ್ಥೆಯ ಲಿಖಿತ ಆದೇಶ ತಲುಪಿದ 72 ಗಂಟೆಯೊಳಗೆ ಮಾಹಿತಿ ಕೊಡಬೇಕೆಂದು 2021ರ ನಿಯಮ ಹೇಳುತ್ತದೆ. ತೆಗೆದುಹಾಕಿದ ವಸ್ತುವನ್ನು ತನಿಖೆಗಾಗಿ 180 ದಿನ ಕಾಯ್ದಿಡಬೇಕೆಂದೂ ಅದರಲ್ಲಿದೆ. ನಿಮ್ಮ ದೂರಿಗೆ ಇರುವ ಕಾಲಾವಕಾಶ ಹೆಚ್ಚುಕಡಿಮೆ ಅಷ್ಟೇ ಎಂದುಕೊಳ್ಳಿ.

ಹೀಗೆ ಸಾಮಾನ್ಯವಾಗಿ ಸಿಗುವುದು ಖಾತೆಯ ಹೆಸರು, ಮೇಲ್, ನಂಬರ್, ಲಾಗಿನ್ ಆದ ಐಪಿ ವಿಳಾಸಗಳು, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳು. ಅಮೆರಿಕದ ಕಂಪನಿಯಿಂದ ಖಾತೆಯೊಳಗಿನ ಫೈಲುಗಳನ್ನೇ ಪಡೆಯಬೇಕೆಂದರೆ ಎರಡು ದೇಶಗಳ ನಡುವೆ 2005ರಲ್ಲಿ ಜಾರಿಗೆ ಬಂದ ಕಾನೂನು ನೆರವು ಒಪ್ಪಂದದ ದಾರಿ ಹಿಡಿಯಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಐಪಿ ವಿಳಾಸದ ಜೊತೆ ಬರುವ ಸಮಯ ಹೆಚ್ಚಾಗಿ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿರುತ್ತದೆ. ನಮ್ಮ ರಾತ್ರಿ 11.40 ಅಲ್ಲಿ ಸಂಜೆ 6.10. ಈ ಐದೂವರೆ ಗಂಟೆ ಕೂಡಿಸದೆ ಮೊಬೈಲ್ ಕಂಪನಿಯನ್ನು ಕೇಳಿದರೆ, ಆ ಹೊತ್ತಿನಲ್ಲಿ ಅದೇ ಐಪಿ ಬಳಸುತ್ತಿದ್ದ ಇನ್ಯಾರದೋ ಹೆಸರು ಬರಬಹುದು. 2007ರಲ್ಲಿ ಐಪಿ ವಿವರ ತಪ್ಪಿ, ಆರ್ಕುಟ್ ಎಂಬ ಅಂದಿನ ಸಾಮಾಜಿಕ ಜಾಲತಾಣದ ಪ್ರಕರಣವೊಂದರಲ್ಲಿ ಪುಣೆ ಪೊಲೀಸರು ಬೆಂಗಳೂರಿನ ಟೆಕಿಯೊಬ್ಬರನ್ನು ಬಂಧಿಸಿದ್ದರು. ಏನೂ ಮಾಡದ ಆ ಮನುಷ್ಯ 50 ದಿನ ಜೈಲಿನಲ್ಲಿದ್ದರು. ಆದ್ದರಿಂದ ನಿಮ್ಮ ದೂರಿನಲ್ಲಿ ಸಮಯ ಬರೆಯುವಾಗ ‘ರಾತ್ರಿ 11.40, ಭಾರತೀಯ ಕಾಲಮಾನ’ ಎಂದೇ ಬಿಡಿಸಿ ಬರೆಯಿರಿ.

ಠಾಣೆಯಿಂದ ಹೊರಡುವ ಮುಂಚೆ ಕೇಳಬೇಕಾದ ಮಾತೊಂದನ್ನು ಆ ಹುಡುಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಳು: ‘ಸಾರ್, ಡೇಟಾ ಅಳಿಸದಂತೆ ಕಂಪನಿಗೆ ಪ್ರಿಸರ್ವೇಶನ್ ರಿಕ್ವೆಸ್ಟ್ ಹೋಗಿದೆಯಾ?’ ಹೋಗಿರಲಿಲ್ಲ. ಅವಳು ಬೆಂಚಿನ ಮೇಲೆ ಕೂತಿದ್ದಾಗಲೇ ಇನ್‌ಸ್ಪೆಕ್ಟರ್ ಅದನ್ನು ಟೈಪ್ ಮಾಡಿಸಿ ಕಳಿಸಿದರು.